ಮೌಲ್‌ಬ್ರಾನ್‌ನಿಂದ ಓಡಿಹೋದ ಹುಡುಗನಿಗೆ

ಮಂಗಳೂರು

ಪ್ರೀತಿಯ ಹರ್ಮನ್,

ನೊಬೆಲ್ ಪಡೆದ ಹರ್ಮನ್ ಹೆಸ್ಸೆಗೆ, 'ಸಿದ್ಧಾರ್ಥ' ಬರೆದ ದೊಡ್ಡ ಮನುಷ್ಯನಿಗೆ, ಬರೆಯಲು ನನ್ನಲ್ಲಿ ಏನೂ ಇಲ್ಲ. ಈ ಕಾಗದ 1892ರ ಮಾರ್ಚ್ 7ರಂದು ಶಾಲೆಯಿಂದ ಕಾಣೆಯಾದ ಹದಿನಾಲ್ಕರ ಹುಡುಗನಿಗೆ. ಅದಕ್ಕೇ ಈ ಏಕವಚನ. ನಮ್ಮ ಸಭೆಯ ಮಕ್ಕಳನ್ನೂ ನಾನು ಹೀಗೇ ಕರೆಯುವುದು.

ನೀನು ನಮಗೆ ತೀರ ಹೊರಗಿನವನೂ ಅಲ್ಲ. ನಿನ್ನ ಅಪ್ಪ ಯೊಹಾನ್ನೆಸ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1869ರಲ್ಲಿ ನಮ್ಮ ಕರಾವಳಿಗೆ ಬಂದು, ಮಂಗಳೂರಿನಲ್ಲಿ ದುಡಿದು, ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದವರು. ನಿನ್ನ ಅಮ್ಮ ಮಾರೀ ಹುಟ್ಟಿದ್ದೇ ತಲಶ್ಶೇರಿಯಲ್ಲಿ, 1842ರಲ್ಲಿ. ಅಮ್ಮನ ಅಪ್ಪ ಹರ್ಮನ್ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಕಟ್ಟಿಕೊಟ್ಟವರು. ಅವರೂ ತಲಶ್ಶೇರಿಗೆ ಹೋಗುವ ಮೊದಲು ಮಂಗಳೂರಿನ ನೀರು ಕುಡಿದವರೇ. ಅವರ ಮಿಷನ್ ಕಟ್ಟಿದ ಚರ್ಚುಗಳಲ್ಲಿ ನಾವು ಇಂದಿಗೂ ಕೂರುತ್ತೇವೆ. ನಿನಗಾದದ್ದು ನಮ್ಮ ಮನೆಯೊಳಗಿನ ವಿಷಯ.

ನೀನು ಓಡಿಹೋದ ಆ ಶಾಲೆ, ಜರ್ಮನಿಯ ಮೌಲ್‌ಬ್ರಾನ್‌ನ ಹಳೆಯ ಮಠ, 1147ರಷ್ಟು ಹಿಂದಿನದು. ಸುಧಾರಣೆಯ ಕಾಲದಲ್ಲಿ ಅದು ಪ್ರಾಟೆಸ್ಟಂಟರ ಶಾಲೆಯಾಯಿತು. ಕೆಪ್ಲರ್ ಓದಿದ್ದೂ ಅಲ್ಲೇ. ಸರಕಾರದ ಕಠಿಣ ಪರೀಕ್ಷೆ ಪಾಸಾದ ಹುಡುಗರಿಗೆ ಊಟ, ವಸತಿ, ಓದು ಎಲ್ಲ ಪುಕ್ಕಟೆ. ಅದಕ್ಕೆ ಬದಲಾಗಿ ಮುಂದೆ ಟ್ಯೂಬಿಂಗನ್‌ಗೆ ಹೋಗಿ ದೇವಶಾಸ್ತ್ರ ಓದಿ ಪಾದ್ರಿಯಾಗಬೇಕು. ಅಂದರೆ ಹದಿನಾಲ್ಕನೆಯ ವಯಸ್ಸಿಗೇ ನಿನ್ನ ನಂಬಿಕೆಯ ಮೇಲೆ ಮುಂಗಡ ಕೊಟ್ಟಾಗಿತ್ತು. ಸೆಪ್ಟೆಂಬರಿನಲ್ಲಿ ಸೇರಿದೆ, ಮಾರ್ಚಿನಲ್ಲಿ ಮೇಲಂಗಿಯೂ ಇಲ್ಲದೆ ಹೊರಟುಬಿಟ್ಟೆ. ರಾತ್ರಿಯಿಡೀ ಹೊಲದಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ. ಮರುದಿನ ಪೊಲೀಸನೊಬ್ಬ ಹಿಡಿದು ತಂದ. ಶಿಕ್ಷೆ: ಎಂಟು ಗಂಟೆ ಶಾಲೆಯ ಬಂಧನಕೋಣೆ.

ಓಡಿದ್ದು ಯಾಕೆ ಎಂಬುದಕ್ಕೆ ಒಂದೇ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಕವಿಯಾಗಬೇಕೆಂಬ ಹಟವಿತ್ತು, ತಲೆನೋವಿತ್ತು, ಹದಿಹರೆಯದ ಕುದಿ ಇತ್ತು. ಆದರೆ ಆಮೇಲಿನ ತಿಂಗಳುಗಳಲ್ಲಿ ನಿನ್ನ ಸುತ್ತಲಿದ್ದವರು ಮಾಡಿದ್ದನ್ನು ನೋಡು. ಮೊದಲು ಬಾಡ್ ಬೋಲ್‌ನಲ್ಲಿ ಪ್ರಾರ್ಥನೆಯಿಂದ ಗುಣಪಡಿಸುತ್ತಾರೆಂದು ಹೆಸರಾಗಿದ್ದ ಕ್ರಿಸ್ಟೋಫ್ ಬ್ಲೂಮ್‌ಹಾರ್ಟರ ಕೈಗೆ ಒಪ್ಪಿಸಿದರು. ಅಲ್ಲಿ ನೀನು ಜೀವ ಕಳೆದುಕೊಳ್ಳಲು ಹೊರಟಾಗ ಅವರಿಗೆ ಅದರಲ್ಲಿ ಕಾಯಿಲೆ ಕಾಣಲಿಲ್ಲ, ದುಷ್ಟತನ ಕಂಡಿತು. (ಇದೇ ಬ್ಲೂಮ್‌ಹಾರ್ಟ್ ಏಳು ವರ್ಷದ ನಂತರ ಕಾರ್ಮಿಕರ ಪಕ್ಷ ಸೇರಿ, ಚರ್ಚಿನಿಂದ ಪಾದ್ರಿ ಪದವಿ ಬಿಡಿಸಿಕೊಂಡರು. ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಆಗ ಅವರಿಗೂ ತಿಳಿದಿರಬೇಕು.) ಅಲ್ಲಿಂದ ನಿನ್ನನ್ನು ಸ್ಟೆಟ್ಟನ್‌ಗೆ, ಮೂರ್ಛೆರೋಗಿಗಳನ್ನೂ ಬುದ್ಧಿ ಬೆಳೆಯದವರನ್ನೂ ಇಟ್ಟುಕೊಳ್ಳುತ್ತಿದ್ದ ಆಶ್ರಮಕ್ಕೆ ಕಳಿಸಿದರು. ಆ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಬರೆದ ಕಾಗದದಲ್ಲಿ ನೀನು 'ಅಪ್ಪ' ಎನ್ನಲಿಲ್ಲ, ಸರಕಾರಿ ಅಧಿಕಾರಿಗೆ ಅರ್ಜಿ ಬರೆದಂತೆ 'ಮಹಾಶಯರೇ' ಎಂದೆ. ನಾನು ಮನುಷ್ಯನಾಗಿರದೆ ಬರೀ ಭಕ್ತನಾಗಿದ್ದರೆ ನಿಮ್ಮೊಂದಿಗೆ ಹೊಂದಿಕೊಳ್ಳಬಹುದಿತ್ತು ಎಂಬರ್ಥದ ಮಾತೂ ಅದರಲ್ಲಿತ್ತು. ಹದಿನೈದು ವರ್ಷದ ಮಗನಿಂದ ಈ ಮಾತು ಕೇಳಿದ ಯಾವ ಅಪ್ಪನಿಗೂ ನಿದ್ದೆ ಬಂದಿರಲಾರದು. ನಿನ್ನ ಮನೆಯವರು ಕ್ರೂರಿಗಳಾಗಿರಲಿಲ್ಲ, ಹೆದರಿದ್ದರು. ಹೆದರಿದ ಭಕ್ತರು ಏನೇನು ಮಾಡುತ್ತಾರೆಂದು ನಮಗೂ ಗೊತ್ತು.

ಒಬ್ಬರು ಮಾತ್ರ ಹೆದರಲಿಲ್ಲ. ಓಡಿಹೋದ ಮೇಲೆ ಮೊದಲ ಸಲ ಅಜ್ಜ ಗುಂಡರ್ಟರೆದುರು ನಿಲ್ಲಬೇಕಾದಾಗ ನಿನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇಡೀ ಮನೆತನದ ಹಿರಿಯರು, ಹತ್ತಾರು ಭಾಷೆ ಬಲ್ಲ ಪಂಡಿತರು, ಎರಡು ದಶಕಕ್ಕೂ ಹೆಚ್ಚು ಕಾಲ ಇಂಡಿಯಾದಲ್ಲಿ ಸುವಾರ್ತೆ ಸಾರಿದವರು. ಅವರು ನಿನ್ನನ್ನು ನೋಡಿ ಮುಗುಳ್ನಕ್ಕು, ಮಹಾಪ್ರತಿಭಾವಂತರು ಮಾಡುವಂಥ ಪುಟ್ಟ ಪ್ರವಾಸವೊಂದನ್ನು ಮಾಡಿ ಬಂದೆಯಂತಲ್ಲ ಎಂದು ಕೇಳಿದರಂತೆ. ಅಷ್ಟೇ. ಬೈಗುಳವಿಲ್ಲ, ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸಿದ್ದಿಲ್ಲ. ಮುದುಕನಾದ ಮೇಲೂ ನೀನು ಅದನ್ನು ಮರೆಯಲಿಲ್ಲ.

ಅಜ್ಜನಿಗೆ ಈ ಧೈರ್ಯ ಎಲ್ಲಿಂದ ಬಂತು? ಅವರೂ ಅದೇ ಮೌಲ್‌ಬ್ರಾನ್‌ನಲ್ಲಿ ಓದಿದವರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ ಒಬ್ಬರು. ಮುಂದೆ 1835ರಲ್ಲಿ ಯೇಸುವಿನ ಚರಿತ್ರೆ ಬರೆದು, ಸುವಾರ್ತೆಗಳಲ್ಲಿ ಎಷ್ಟೋ ಭಾಗ ಪುರಾಣವೆಂದು ವಾದಿಸಿ ಕೆಲಸ ಕಳೆದುಕೊಂಡರಲ್ಲ, ಅದೇ ಸ್ಟ್ರೌಸ್. ಹುಡುಗ ಗುಂಡರ್ಟ್ ಆ ವಿಚಾರಗಳ ಸೆಳೆತಕ್ಕೆ ಸಿಕ್ಕಿ, ಅಪ್ಪ ಅಮ್ಮನ ನಂಬಿಕೆಯಿಂದ ಸಾಕಷ್ಟು ದೂರ ಹೋಗಿದ್ದರು. ಟ್ಯೂಬಿಂಗನ್‌ನಲ್ಲಿ ಮತ್ತೆ ನಂಬಿಕೆಗೆ ಬಂದು, 1836ರಲ್ಲಿ ಇಂಡಿಯಾದ ಹಡಗು ಹತ್ತಿದರು. ದಾರಿ ತಪ್ಪಿ ಅಲೆದವರಿಗೆ ಅಲೆಯುವವರ ಗುರುತು ಹತ್ತುತ್ತದೆ. ಮೊಮ್ಮಗನ ಮುಖದಲ್ಲಿ ಅವರಿಗೆ ಪಿಶಾಚಿ ಕಾಣದೆ ತಾವೇ ಕಂಡಿರಬೇಕು ಎಂಬುದು ನನ್ನ ಊಹೆ. ಮರುವರ್ಷ ಏಪ್ರಿಲಿನಲ್ಲಿ ಅವರು ತೀರಿಕೊಂಡರು.

ನಮ್ಮ ಸಭೆಗಳಲ್ಲಿ ಕೊರತೆ ಇರುವುದು ಇಂಥ ಅಜ್ಜಂದಿರದ್ದು. ಅನುಮಾನಪಟ್ಟು ಬಂದವರು ಇಲ್ಲವೆಂದಲ್ಲ. ಇದ್ದಾರೆ, ಬಾಯಿ ಬಿಡುವುದಿಲ್ಲ. ಸಾಕ್ಷಿ ಹೇಳಲು ನಿಂತವರು ಕಾಯಿಲೆ ವಾಸಿಯಾದದ್ದು, ವೀಸಾ ಸಿಕ್ಕಿದ್ದು ಹೇಳುತ್ತಾರೆ. ವಾಸಿಯಾಗದ ಕಾಯಿಲೆಯ ಮನೆಯವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಇದನ್ನೆಲ್ಲ ಮಕ್ಕಳು ನೋಡುತ್ತಾ ಬೆಳೆಯುತ್ತಾರೆ. ಈ ದೊಡ್ಡವರಿಗೆಲ್ಲ ಯಾವತ್ತೂ ಅನುಮಾನವೇ ಬಂದಿಲ್ಲ, ಕೆಟ್ಟವನು ನಾನೊಬ್ಬನೇ ಎಂದುಕೊಳ್ಳುತ್ತಾರೆ. ಈಗಿನವರು ನಿನ್ನ ಹಾಗೆ ಹೊಲಕ್ಕೆ ಓಡಿಹೋಗುವುದಿಲ್ಲ ಮಾರಾಯ. ಬೆಂಗಳೂರಿನ ಪಿಜಿಯಲ್ಲಿ ಭಾನುವಾರ ಹತ್ತರವರೆಗೆ ಮಲಗಿರುತ್ತಾರೆ; ಅಮ್ಮ ಫೋನ್ ಮಾಡಿ "ಚರ್ಚಿಗೆ ಹೋದಿಯಾ?" ಎಂದರೆ "ಹೂಂ" ಎನ್ನುತ್ತಾರೆ. ಹುಡುಕಲು ಯಾರನ್ನೂ ಕಳಿಸಬೇಕಾಗಿಲ್ಲ, ಯಾಕೆಂದರೆ ಕಾಣೆಯಾಗಿದ್ದಾರೆಂದೇ ಯಾರಿಗೂ ಗೊತ್ತಿಲ್ಲ.

ಕೊರೋನಾ ಕಳೆದ ಮೇಲೆ ಒಂದು ದೃಢೀಕರಣದ ತರಗತಿಯಲ್ಲಿ, ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯೆದುರು ಒಪ್ಪಿಕೊಳ್ಳುವ ಮೊದಲು ಕೂರುವ ತರಗತಿಯಲ್ಲಿ, ನಾನು ಕೂತಿದ್ದೆ. ಚರ್ಚ್ ಹಾಲು, ಪ್ಲಾಸ್ಟಿಕ್ ಕುರ್ಚಿ, ಗರಗರ ಎನ್ನುವ ಫ್ಯಾನು. ಪಾಠ ಹೇಳುತ್ತಿದ್ದವರು ನಿವೃತ್ತ ಶಾಲಾ ಮೇಷ್ಟ್ರು. ವಿಷಯ ಪ್ರಾರ್ಥನೆ. ಒಂದು ಹುಡುಗಿ, ಪುಸ್ತಕದ ಮೂಲೆ ಮಡಚುತ್ತಾ, ತಲೆ ಎತ್ತದೆ ಕೇಳಿದಳು: "ಅಪ್ಪ ವೆಂಟಿಲೇಟರಿನಲ್ಲಿದ್ದಾಗ ಇಡೀ ಚರ್ಚು ಪ್ರಾರ್ಥನೆ ಮಾಡಿತಲ್ಲ ಸರ್. ಮತ್ತೆ ಯಾಕೆ ಹೋದರು?" ಪಕ್ಕದ ಹುಡುಗ ಅವಳ ಮೊಣಕೈ ತಿವಿದ. ಮೇಷ್ಟ್ರು ಕನ್ನಡಕ ತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕಿಕೊಂಡರು. "ನನಗೆ ಗೊತ್ತಿಲ್ಲ ಮಗಾ" ಎಂದರು. ಆಮೇಲೆ ಕೀರ್ತನೆ 88 ತೆಗೆಯಲು ಹೇಳಿ ಅವಳ ಕೈಯಲ್ಲೇ ಓದಿಸಿದರು. ಉಳಿದ ದುಃಖದ ಕೀರ್ತನೆಗಳೆಲ್ಲ ಬಹುಮಟ್ಟಿಗೆ ಕೊನೆಗೊಂದು ಸ್ತುತಿಗೆ ಬಂದು ನಿಲ್ಲುತ್ತವೆ; ಇದೊಂದು ಕತ್ತಲೆಯಲ್ಲೇ ಮುಗಿಯುತ್ತದೆ. "ನೋಡು, ಇದಕ್ಕೆ ಉತ್ತರ ಬಂದಿಲ್ಲ. ಆದರೂ ಇದನ್ನು ಸತ್ಯವೇದದಿಂದ ಯಾರೂ ಕಿತ್ತುಹಾಕಲಿಲ್ಲ. ನಿನ್ನ ಪ್ರಶ್ನೆಯನ್ನೂ ಕಿತ್ತುಹಾಕುವುದು ಬೇಡ, ಇರಲಿ." ಆ ವರ್ಷ ಬಿಷಪ್ಪರು ಬಂದಾಗ ಹುಡುಗಿ ದೃಢೀಕರಣಕ್ಕೆ ನಿಲ್ಲಲಿಲ್ಲ. ಮೇಷ್ಟ್ರು ಒತ್ತಾಯಿಸಲಿಲ್ಲ, ಮನೆಗೆ ಹೋಗಿ ಅಮ್ಮನಿಗೂ ಒತ್ತಾಯಿಸಬೇಡಿ ಎಂದು ಹೇಳಿ ಬಂದರು. ಮರುವರ್ಷ ಅವಳಾಗಿಯೇ ಹೆಸರು ಕೊಟ್ಟಳು.

ಇಂಥ ಸಹನೆಗೆ ಹೊಸ ದೇವಶಾಸ್ತ್ರವೇನೂ ಬೇಕಾಗಿಲ್ಲ. ಯೇಸುವಿನ ಶಿಷ್ಯ ತೋಮನ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಬಹುಪಾಲು ಅವನನ್ನು ಗದರಿಸಿಯೇ ಮುಗಿದಿವೆ. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ ನಿಧಾನವಾಗಿ ಓದಿದರೆ ಬೇರೆಯದೇ ಕಾಣುತ್ತದೆ. ಯೇಸು ಸತ್ತವರೊಳಗಿಂದ ಎದ್ದು ಬಂದದ್ದನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದು ಅವನು ಖಡಾಖಂಡಿತ ಹೇಳಿದ. ವಾರ ಕಳೆದ ಮೇಲೆ ಶಿಷ್ಯರು ಮತ್ತೆ ಸೇರಿದಾಗ ಬಾಗಿಲು ಮುಚ್ಚಿತ್ತು, ತೋಮ ಒಳಗಿದ್ದ. ಆ ಏಳೆಂಟು ದಿನ ಉಳಿದವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಒಳಗಿದ್ದುದರಿಂದಲೇ ಯೇಸು ಬಂದಾಗ ಸಿಕ್ಕಿದ. ಹೊರಗೆ ಅಟ್ಟಿದ್ದರೆ ಅವನ ಬಾಯಿಂದ ಬಂದ 'ನನ್ನ ಸ್ವಾಮೀ, ನನ್ನ ದೇವರೇ' ಎಂಬ ಅರಿಕೆ, ನಾಲ್ಕು ಸುವಾರ್ತೆಗಳಲ್ಲೇ ಅಷ್ಟು ದೊಡ್ಡ ಅರಿಕೆ ಬೇರೊಂದಿಲ್ಲ, ನಮಗೆ ಸಿಗುತ್ತಲೇ ಇರಲಿಲ್ಲ. ಯೋಬನ ಪುಸ್ತಕದಲ್ಲೂ ಅಷ್ಟೆ: ದೇವರ ಪರ ವಕಾಲತ್ತು ಮಾಡಿದ ಸ್ನೇಹಿತರನ್ನು ದೇವರೇ ತಪ್ಪೆಂದು ಹೇಳಿ, ಜಗಳ ಕಾದ ಯೋಬನ ಪಕ್ಷ ವಹಿಸುತ್ತಾನೆ.

ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಂಡಿದ್ದೇನೆ. ಪ್ರಶ್ನೆಗೆ ಜಾಗ ಕೊಟ್ಟರೆ ಯುವಕರು ಉಳಿಯುತ್ತಾರೆ ಎಂಬ ಲೆಕ್ಕಾಚಾರದಲ್ಲಿ ಜಾಗ ಕೊಟ್ಟರೆ ಹುಡುಗರಿಗೆ ಅದರ ವಾಸನೆ ಬೇಗ ಹತ್ತುತ್ತದೆ. 'ಪ್ರಶ್ನೋತ್ತರ ಸಂಜೆ' ಎಂದು ಬ್ಯಾನರ್ ಕಟ್ಟಿ, ಉತ್ತರಗಳನ್ನು ಮೊದಲೇ ಟೈಪ್ ಮಾಡಿಸಿಟ್ಟಿರುವುದನ್ನು ಕಂಡಿದ್ದೇನೆ. ಪ್ರಾಮಾಣಿಕವಾಗಿ ಕೇಳಿದವರು ಕೊನೆಗೆ ಬಾಗಿಲು ದಾಟಿ ಹೋದಾರು ಎಂಬುದನ್ನೂ ಒಪ್ಪಿಕೊಂಡೇ ಕೇಳಲು ಬಿಡಬೇಕು. ನಿನ್ನ ವಿಷಯದಲ್ಲಿ ಆದದ್ದೇ ಅದು. 1931ರಲ್ಲಿ ನಿನ್ನ ನಂಬಿಕೆಯ ಬಗ್ಗೆ ಬರೆಯುತ್ತಾ, ಧರ್ಮವಿಲ್ಲದೆ ಒಂದು ದಿನವೂ ಬದುಕಲಾರೆ, ಆದರೆ ಚರ್ಚಿಲ್ಲದೆ ಜೀವನವಿಡೀ ಬದುಕಿದೆ ಎಂಬರ್ಥದ ಮಾತು ಬರೆದೆ. ಅಪ್ಪ ಅಮ್ಮ ತಮ್ಮ ಬದುಕನ್ನು ದೇವರ ಸೊತ್ತೆಂದು ತಿಳಿದು ಬಾಳಿದ್ದೇ ನಿನ್ನ ಬಾಲ್ಯದ ದೊಡ್ಡ ಆಸ್ತಿ ಎಂದೂ ಬರೆದೆ. ಅವರು ಬಾಳಿದ್ದು ನಿನ್ನಲ್ಲಿ ಉಳಿಯಿತು, ಬೋಧಿಸಿದ್ದು ಉಳಿಯಲಿಲ್ಲ.

ನಮ್ಮ ಸಭಾ ಸಮಿತಿಯಲ್ಲಿ ಹೋದ ತಿಂಗಳು ಒಂದು ಮಾತು ಇಟ್ಟೆ: ಈ ವರ್ಷದ ದೃಢೀಕರಣದ ತರಗತಿಯಲ್ಲಿ ಹಿರಿಯರು ಒಬ್ಬೊಬ್ಬರಾಗಿ, ತಮ್ಮ ನಂಬಿಕೆ ಅಲ್ಲಾಡಿದ ಕಾಲದ ಬಗ್ಗೆ ಮಕ್ಕಳೆದುರು ಮಾತಾಡಬೇಕು, ನೀತಿ ಹೇಳದೆ. ಸಭಾಪಾಲಕರು ತಮ್ಮದನ್ನೇ ಮೊದಲು ಹೇಳುತ್ತೇನೆಂದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಒಪ್ಪಲಿಲ್ಲ: "ನಾವೇ ಹೀಗೆ ಬಾಯಿ ಬಿಟ್ಟರೆ ಮಕ್ಕಳಲ್ಲಿ ಇರುವುದೂ ಹೋದೀತು." ವಿಷಯ ಮುಂದಿನ ಬೈಠಕ್ಕಿಗೆ ಹೋಗಿದೆ. ಅಲ್ಲಿ ನಿನ್ನ ಅಜ್ಜನ ಕಥೆ ಹೇಳಬೇಕೆಂದಿದ್ದೇನೆ. ಹಾಗಾದರೆ ಮೊಮ್ಮಗ ಚರ್ಚಿಗೆ ಮರಳಿದನೋ ಎಂದು ಅವರು ಖಂಡಿತ ಕೇಳುತ್ತಾರೆ. ಇಲ್ಲ, ಮರಳಲಿಲ್ಲ ಎಂದೇ ಹೇಳುತ್ತೇನೆ.

ಇಂತಿ,
ನಿನ್ನ ಅಪ್ಪ ದುಡಿದ ಊರಿನ ಒಬ್ಬ ಸಭಿಕ