ಅಮ್ಮಿಯ ಗಡಿಗೆ

ಮಿರಗದ ಮಳೆ ಬಿದ್ದ ಎರಡು ಮೂರು ದಿನಕ್ಕೆ ನಮ್ಮ ಅಮ್ಮಿ ಒಳಕೋಣೆಯ ಮೂಲೆಯಲ್ಲಿದ್ದ ಗಡಿಗೆಯ ಬಾಯಿ ಬಿಚ್ಚುತ್ತಿದ್ದಳು. ಅದರೊಳಗೆ ಹಳೆಯ ಬಟ್ಟೆಯ ಗಂಟುಗಳು. ಒಂದರಲ್ಲಿ ಪುಂಡಿ ಬೀಜ, ಇನ್ನೊಂದರಲ್ಲಿ ಬೂದಿ ಬೆರೆಸಿದ ಬದನೆ ಬೀಜ, ಮತ್ತೊಂದರಲ್ಲಿ ಚವಳಿ. ನಡುನಡುವೆ ಒಣಗಿದ ಬೇವಿನೆಲೆ. ಹೀರೇಕಾಯಿಗೆ ಮಾತ್ರ ಗಂಟಿಲ್ಲ. ಅದು ಬಳ್ಳಿಯಲ್ಲೇ ಒಣಗಿ ಆಮೇಲೆ ಜಂತಿಗೆ ನೇತಾಡುತ್ತಿತ್ತು. ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತಿತ್ತು. ಸೇಡಂ ತಾಲ್ಲೂಕಿನ ನಮ್ಮ ಊರಿನಲ್ಲಿ ಇದೇನೂ ವಿಶೇಷವಲ್ಲ. ಪುಂಡಿಯನ್ನು ನಾವು ಮನೆಯೊಳಗೆ ಅಂಬಾಡಿ ಎನ್ನುತ್ತಿದ್ದೆವು, ಓಣಿಗೆ ಬಂದರೆ ಪುಂಡಿ. ಹುಳಿ ಒಂದೇ.

2017ರ ಮಳೆಗಾಲದಲ್ಲಿ ಅಮ್ಮಿ ತೀರಿಕೊಂಡಳು. ಮನೆ ಖಾಲಿ ಮಾಡುವಾಗ ಪಾತ್ರೆ-ಪಗಡೆ ಹಂಚಿಹೋದವು. ಗಡಿಗೆ ಯಾರಿಗೂ ಬೇಕಾಗಿರಲಿಲ್ಲ, ನಾನು ವಾಡಿಗೆ ತಂದೆ. ಒಡೆದೀತೆಂದು ಹೆದರಿ ಬೀಜಗಳನ್ನೆಲ್ಲ ಉಪ್ಪಿನಕಾಯಿಯ ಗಾಜಿನ ಭರಣಿಗಳಿಗೆ ತುಂಬಿ, ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟೆ. "ಕೆಳಗೇ ಇಡ್ರಿ" ಎಂದಳು ಹೆಂಡತಿ. ಇಲಿ ಕಾಟ ಎಂದೆ. ನಾನು ವಿಜ್ಞಾನ ಕಲಿಸುವ ಮಾಸ್ತರ. ಗಾಳಿಯಾಡದ ಭರಣಿ ಬಟ್ಟೆಗಿಂತ ಮೇಲು ಎಂದು ನನಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು.

ಮರುವರ್ಷ ಮಿರಗಕ್ಕೆ ಬಿತ್ತಿದೆ. ಪುಂಡಿ ನಾಲ್ಕೈದು ಎದ್ದು ಬಾಡಿದವು. ಬದನೆ ಒಂದೂ ಏಳಲಿಲ್ಲ. ಅಮ್ಮಿಯ ಮದುವೆಯ ಕಾಲದಿಂದ ವರ್ಷ ತಪ್ಪದೆ ಬಂದಿದ್ದ ತಳಿ ಒಂದು ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಸತ್ತಿತ್ತು.

ಬೀಜ ಉಸಿರಾಡುವ ವಸ್ತು. ಸುತ್ತಲಿನ ಗಾಳಿಯಲ್ಲಿ ತೇವವಿದ್ದರೆ ಹೀರಿಕೊಳ್ಳುತ್ತದೆ, ಗಾಳಿ ಒಣಗಿದ್ದರೆ ಬಿಟ್ಟುಕೊಡುತ್ತದೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ, ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ ಎಂದು ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಲೆಕ್ಕ ಹಾಕಿಕೊಟ್ಟಿದ್ದಾರೆ. ನಾನು ಭರಣಿ ಮುಚ್ಚಿದ್ದು ಮಳೆಗಾಲದ ಹಸಿ ಗಾಳಿಯಲ್ಲಿ. ಆ ತೇವವನ್ನು ಒಳಗೇ ಕೂಡಿಹಾಕಿದೆ. ಇಟ್ಟದ್ದೋ ಮಾಳಿಗೆಗೆ ಅಂಟಿದ ಅಟ್ಟದಲ್ಲಿ. ಶಹಾಬಾದ್ ಕಲ್ಲು ನೆಲಕ್ಕೆ ಹಾಸಿದರೆ ತಂಪು; ಅದನ್ನೇ ಮಾಳಿಗೆಗೆ ಹೊದಿಸಿದರೆ ಮೇ ತಿಂಗಳ ಮಧ್ಯಾಹ್ನ ಕಾದ ಹಂಚು. ಬೀಜಗಳು ಭರಣಿಯಲ್ಲಿ ಬೆಂದವು.

ನಮ್ಮ ಸೀಮೆಯ ಬೇಸಿಗೆಯನ್ನು ನಾವು ಬಯ್ಯುವುದೇ ಹೆಚ್ಚು. ಆದರೆ ಆ ಒಣ ಗಾಳಿ ಬೀಜಕ್ಕೆ ದೊಡ್ಡ ಉಪಕಾರಿ, ನೆರಳಿದ್ದರೆ ಮಾತ್ರ. ಅಮ್ಮಿ ಬಿಸಿಲಿಗೆ ಬೀಜ ಹಾಕಿದ್ದನ್ನು ನಾನು ನೋಡಿದ್ದು ಕಡಿಮೆ. ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟ ಬದನೆಕಾಯಿ ಸೀಳಿ, ಬೀಜ ತೊಳೆದು, ಬೂದಿ ಬೆರೆಸಿ ಪಡಸಾಲೆಯ ನೆರಳಿನಲ್ಲಿ ಹರವುತ್ತಿದ್ದಳು. ಗಡಿಗೆ ಇದ್ದದ್ದು ಮನೆಯಲ್ಲೇ ತಂಪಾದ, ಕತ್ತಲೆಯ ಮೂಲೆಯ ನೆಲದ ಮೇಲೆ. ಕಾಳನ್ನು ತೆನೆಯಲ್ಲೇ ಬಿಟ್ಟು ಕಾಪಿಡಲು ಪ್ರವಾದಿ ಯೂಸುಫರು ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ. ಬೀಜದ ಜೋಳದ ತೆನೆಯನ್ನು ಬಡಿಯದೆ ಕಟ್ಟಿಡುವ ಹಿರಿಯರು ನಮ್ಮ ಓಣಿಯಲ್ಲೂ ಇದ್ದರು.

ನಮ್ಮಿಂದ ಬಹಳ ದೂರವೇನಲ್ಲದ ಹೈದರಾಬಾದಿನ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಜೋಳ, ತೊಗರಿ, ಕಡಲೆಯ ತಳಿಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಡುತ್ತದೆ. ಸಿರಿಯಾದ ಅಲೆಪ್ಪೊ ಬಳಿಯ ಬೀಜ ಭಂಡಾರ ಯುದ್ಧದಲ್ಲಿ ಕೈತಪ್ಪಿದಾಗ, ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಮೊದಲೇ ಇಟ್ಟಿದ್ದ ಜೋಡಿ ಬೀಜಗಳನ್ನು 2015ರಲ್ಲಿ ಹಿಂದಕ್ಕೆ ತರಿಸಿಕೊಂಡರು. ಅದನ್ನು ಓದಿದಾಗಲೇ ನನಗೆ ಹೊಳೆದದ್ದು: ಅಮ್ಮಿಯೂ ಬೇರೆ ಕಡೆ ಇಟ್ಟಿದ್ದಾಳಲ್ಲ!

ಊರಿಗೆ ಹೋಗಿ ಹಳೆಯ ಪಕ್ಕದ ಮನೆಯ ಚಿಗವ್ವನನ್ನು ಕೇಳಿದೆ. ಆಕೆ ಒಳಗೆ ಹೋಗಿ ಪುಂಡಿ ಬೀಜ ಸೆರಗಿನಲ್ಲಿ ತಂದಳು.

"ನಿಮ್ಮ ಅಮ್ಮೀನೇ ಕೊಟ್ಟಿದ್ದು ತಮ್ಮಾ. ವರ್ಷಾ ಹಾಕ್ತೀನಿ, ವರ್ಷಾ ತೆಗೀತೀನಿ."

"ಬದನಿಕಾಯಿದು ಚಿಗವ್ವಾ?"

"ಅದು ಆಕೀ ಹತ್ರಾನೇ ಇತ್ತಲ್ಲೋ. ನಾ ತಗೊಂಡೇ ಇಲ್ಲ. ಬೇಕಾದಾಗ ಕಾಯೇ ಕಳಿಸ್ತಿದ್ಳು."

ಈ ಸಲ ಬಿತ್ತುವ ಮೊದಲು ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಐದನೆಯ ದಿನಕ್ಕೆ ಎಂಟು ಮೊಳೆತಿದ್ದವು. ಈಗ ಚಳಿಗಾಲ ಕಳೆದ ಮೇಲೆ ಬೀಜ ತೆಗೆದು ನೆರಳಲ್ಲಿ ಒಣಗಿಸುತ್ತೇನೆ, ಏಪ್ರಿಲ್ಲಿನ ಒಣ ಗಾಳಿಯಲ್ಲೇ ಮುಚ್ಚಳ ಹಾಕುತ್ತೇನೆ. ಭರಣಿ ಮಂಚದ ಕೆಳಗೆ ಪರಸಿ ನೆಲದ ಮೇಲಿದೆ. ಒಂದು ಗಂಟು ಚಿತ್ತಾಪುರದ ತಂಗಿಯ ಮನೆಗೆ, ಒಂದು ಶಹಾಬಾದಿನ ಗೆಳೆಯನಿಗೆ ಕೊಟ್ಟಿದ್ದೇನೆ.

ಬದನೆಗಾಗಿ ಚಿಂಚೋಳಿ ಸಂತೆಯವರೆಗೂ ಹುಡುಕಿದ್ದೇನೆ. ಹಸಿರು ಮೈ, ತೊಟ್ಟಿನಲ್ಲಿ ಮುಳ್ಳು, ಸೀಳಿದರೆ ಬೇಗ ಕಪ್ಪಾಗುತ್ತಿರಲಿಲ್ಲ. ಹಾಗೆ ಕಾಣುವ ಕಾಯಿ ಎರಡು ಬಾರಿ ತಂದು ಎಣ್ಣೆಗಾಯಿ ಮಾಡಿಸಿದೆ. ಅದಲ್ಲ ಎಂದು ಮೊದಲ ತುತ್ತಿಗೇ ತಿಳಿಯಿತು.