ಮುಂಡಗೋಡಕ್ಕೆ ಹೊರಡುವ ಮುನ್ನ

ಬರುವ ಶನಿವಾರ ಮತ್ತು ಭಾನುವಾರ ಮುಂಡಗೋಡದ ಟಿಬೆಟನ್ ಬೌದ್ಧ ವಿಹಾರವೊಂದರಲ್ಲಿ ನಡೆಯುವ ಉಪದೇಶ ಶಿಬಿರಕ್ಕೆ ನಾನು ಹೋಗುತ್ತಿದ್ದೇನೆ. ಹೆಸರು ನೋಂದಾಯಿಸಿಯಾಗಿದೆ. ಬೈಲಹೊಂಗಲದಿಂದ ಕಿತ್ತೂರು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ತಡಸ ದಾಟಿ ಮುಂಡಗೋಡ. ಅರ್ಧ ದಿನದ ಪ್ರಯಾಣವಷ್ಟೆ. ಜೈನ ನ್ಯಾಯಗ್ರಂಥಗಳನ್ನು ಓದುತ್ತ ಓದಿಸುತ್ತ ಮೂವತ್ತು ವರ್ಷ ಕಳೆದವನಿಗೆ ಈ ಅರ್ಧ ದಿನದ ದಾರಿಯನ್ನು ಕ್ರಮಿಸಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬ ಪ್ರಶ್ನೆ ಈ ವಾರವೆಲ್ಲ ನನ್ನನ್ನು ಕಾಡುತ್ತಿದೆ. ಮರಳಿ ಬಂದ ಮೇಲೆ ಬರೆದರೆ ಆಗ ಕಂಡದ್ದು ಈಗಿನ ಅಳುಕನ್ನು ಮುಚ್ಚಿಬಿಡಬಹುದು. ಆದ್ದರಿಂದ ಹೊರಡುವ ಮುನ್ನವೇ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಾದದ್ದು ಸವದತ್ತಿಯಲ್ಲಿ ನಾನು ಮಾಡಿದ ಒಂದು ಉಪನ್ಯಾಸ. ಸವದತ್ತಿಯೆಂದರೆ ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿ. ಕ್ರಿ.ಶ. 980ರಲ್ಲಿ ರಟ್ಟ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟ ಊರು. ಅಲ್ಲಿ ನಿಂತು ಭಟ್ಟಾಕಲಂಕದೇವರ ವಿಷಯ ಮಾತನಾಡುವುದೆಂದರೆ ನನಗೆ ತವರಿನಲ್ಲಿ ಮಾತನಾಡಿದಂತೆ. ಬೌದ್ಧರ ಕ್ಷಣಿಕವಾದವನ್ನು ಪೂರ್ವಪಕ್ಷವಾಗಿ ಇಟ್ಟು, ಅಕಲಂಕರ ಉತ್ತರವನ್ನು ವಿವರಿಸಿ, ಚಪ್ಪಾಳೆಯೊಂದಿಗೆ ಕುಳಿತುಕೊಂಡೆ. ಆಗ ರಾಮದುರ್ಗದಿಂದ ಬಂದಿದ್ದ ತರುಣ ಶಿಕ್ಷಕರೊಬ್ಬರು ಎದ್ದು ನಿಂತರು. ಅವರ ತಂದೆಯ ಕಾಲದಲ್ಲಿ, ಬಾಬಾಸಾಹೇಬ ಅಂಬೇಡ್ಕರರ ದಾರಿಯಲ್ಲಿ, ಅವರ ಮನೆತನ ಬೌದ್ಧಧರ್ಮವನ್ನು ಸ್ವೀಕರಿಸಿತ್ತು. ಬಹಳ ವಿನಯದಿಂದಲೇ ಕೇಳಿದರು: "ಸರ್, ಬೌದ್ಧರ ಮತ ಚಲೋ ಹೇಳಿದ್ರಿ. ಆದ್ರ ಅದನ್ನ ಬೌದ್ಧರ ಬಾಯಿಂದ ಎಂದಾದ್ರೂ ಕೇಳೀರೇನ್ರಿ?"

ಕೇಳಿರಲಿಲ್ಲ. ನಾನು ಅರಿತ ಬೌದ್ಧಮತವೆಲ್ಲ ನಮ್ಮ ಆಚಾರ್ಯರು ಖಂಡನೆಗಾಗಿ ಎತ್ತಿಕೊಂಡ ಮಾತುಗಳಿಂದ ಬಂದದ್ದು. ಹಾಗೆಂದು ಸಭೆಯಲ್ಲಿ ಒಪ್ಪಿಕೊಳ್ಳಲಿಲ್ಲ. ಗ್ರಂಥಾಧಾರಗಳ ಹೆಸರು ಹೇಳಿ ತಪ್ಪಿಸಿಕೊಂಡೆ. ಆ ತಪ್ಪಿಸಿಕೊಂಡ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ಒಂದು ತಿಂಗಳ ನಂತರ ಅವರಿಗೆ ಪತ್ರ ಬರೆದು ನಿಜವನ್ನು ಹೇಳಿದೆ. ಅವರ ಉತ್ತರದಲ್ಲಿ ಈ ಶಿಬಿರದ ಸುದ್ದಿಯಿತ್ತು. ಅವರೂ ರಾಮದುರ್ಗದಿಂದ ಸವದತ್ತಿಯ ಮೇಲೆ ಧಾರವಾಡಕ್ಕೆ ಬಂದು ನನ್ನನ್ನು ಕೂಡಿಕೊಳ್ಳುವರು.

ಬೌದ್ಧರು ನಮ್ಮ ನಾಡಿಗೆ ಪರಕೀಯರಲ್ಲವೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ಎರಡು ಶಾಸನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ. ಗದಗ ಸೀಮೆಯ ಡಂಬಳ ಅಂದು ಧರ್ಮವೊಳಲು. ಅಲ್ಲಿಯ 1095ರ ಶಾಸನ ಎರಡು ವಿಹಾರಗಳನ್ನು ಹೇಳುತ್ತದೆ: ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರ ಒಂದು, ಲೊಕ್ಕಿಗುಂಡಿಯ ವರ್ತಕನೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ ಇನ್ನೊಂದು. ಈ ಲೊಕ್ಕಿಗುಂಡಿಯೇ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಜಿನಾಲಯ ಕಟ್ಟಿಸಿದ ಲಕ್ಕುಂಡಿ. ಎರಡನೆಯದು ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಮೇಲಿನ, 1129ರ ಮಲ್ಲಿಷೇಣ ಪ್ರಶಸ್ತಿ. ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರ ಪರವಾಗಿ ಮಡಕೆಯೊಳಗೆ ಅಡಗಿದ್ದ ತಾರೆಯನ್ನು ಅಕಲಂಕರು ಗೆದ್ದು, ಆ ಮಡಕೆಯನ್ನು ಕಾಲಿನಿಂದ ಒಡೆದರೆಂಬ ಕೀರ್ತಿ ಅದರಲ್ಲಿ ಕಂಡರಿಸಲ್ಪಟ್ಟಿದೆ. ಎರಡು ಕಲ್ಲುಗಳ ನಡುವೆ ಕೇವಲ 34 ವರ್ಷ. ಡಂಬಳದ ಸೆಟ್ಟಿಯ ಮಗನೊಬ್ಬ ಎರಡನ್ನೂ ಕಂಡಿರಬಹುದಾದಷ್ಟು ಹತ್ತಿರದ ಕಾಲ. ಒಂದರಲ್ಲಿ ತಾರೆ ಪೂಜೆಗೊಳ್ಳುತ್ತಾಳೆ, ಇನ್ನೊಂದರಲ್ಲಿ ಸೋಲುತ್ತಾಳೆ. ನಾನು ಮೂವತ್ತು ವರ್ಷ ಪಾಠ ಹೇಳಿದ್ದು ಎರಡನೆಯ ಕಲ್ಲಿನಿಂದ ಮಾತ್ರ.

ಆಮೇಲೆ ಕನ್ನಡ ನಾಡಿನಲ್ಲಿ ಬೌದ್ಧರ ಧ್ವನಿ ಅಡಗಿತು. ಅವರನ್ನು ಕುರಿತ ನಮ್ಮ ಉತ್ತರಗಳು ಉಳಿದುವು. ಉತ್ತರ ಕೇಳಿಸಿಕೊಳ್ಳಬೇಕಾದವನು ಎದ್ದುಹೋದ ಮೇಲೂ ಮುಂದುವರಿದ ವಾದದಂತೆ ನಮ್ಮ ನ್ಯಾಯಪಾಠ ಸಾಗಿಬಂತು. ಎದ್ದುಹೋದವರ ವಿದ್ಯೆಯಾದರೋ ಹಿಮಾಲಯದ ಆಚೆ ಬೆಳೆಯುತ್ತಿತ್ತು. 1959ರ ನಂತರ ಟಿಬೆಟ್ ತೊರೆದ ಭಿಕ್ಷುಗಳಲ್ಲಿ ಅನೇಕರು ಬಂಗಾಳದ ಬಕ್ಸಾದಲ್ಲಿ ಸುಮಾರು ಹತ್ತು ವರ್ಷ ಕಷ್ಟದಲ್ಲಿ ಕಳೆದರು. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ನಿರಾಶ್ರಿತರ ನೆಲೆ ಆರಂಭವಾಯಿತು. ಕೆಲವು ವರ್ಷಗಳಲ್ಲಿ ಗಂದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಅಲ್ಲಿಯೇ ಮತ್ತೆ ನೆಲೆಗೊಂಡವು. ಅಲ್ಲಿಯ ಪಠ್ಯಕ್ರಮದ ಐದು ಮಹಾಗ್ರಂಥಗಳಲ್ಲಿ ಧರ್ಮಕೀರ್ತಿಯ ಪ್ರಮಾಣವಾರ್ತಿಕ ಒಂದು. ಅಕಲಂಕರು ಜೀವಮಾನವೆಲ್ಲ ಯಾರೊಡನೆ ವಾದ ಹೂಡಿದರೋ ಆ ಧರ್ಮಕೀರ್ತಿ, ನನ್ನ ಮನೆಯಿಂದ ಅರ್ಧ ದಿನದ ದಾರಿಯಲ್ಲಿ ಇಂದಿಗೂ ನಿತ್ಯಪಾಠದಲ್ಲಿದ್ದಾನೆ.

ಅವರಿಬ್ಬರ ವಾದದ ಒಂದು ತುಣುಕನ್ನು ವಿದ್ಯಾರ್ಥಿಗಳು ಬಹಳ ಮೆಚ್ಚುತ್ತಾರೆ. ವಸ್ತು ಅನೇಕಾಂತಾತ್ಮಕವೆಂದು ಒಪ್ಪಿದರೆ, ಮೊಸರು ತಿನ್ನು ಎಂದು ಹೇಳಿಸಿಕೊಂಡವನು ಒಂಟೆಯ ಕಡೆಗೆ ಏಕೆ ಓಡುವುದಿಲ್ಲ ಎಂದು ಧರ್ಮಕೀರ್ತಿ ಹಾಸ್ಯ ಮಾಡುತ್ತಾನೆ. ಅಕಲಂಕರು ನ್ಯಾಯವಿನಿಶ್ಚಯದಲ್ಲಿ ಉತ್ತರ ಕೊಡುತ್ತಾರೆ: ಸುಗತನು ಹಿಂದಿನ ಜನ್ಮದಲ್ಲಿ ಜಿಂಕೆಯಾಗಿದ್ದನು, ಆದರೂ ಸುಗತನನ್ನು ವಂದಿಸುವರು, ಜಿಂಕೆಯನ್ನು ತಿನ್ನುವರು, ಅಲ್ಲಿ ಭೇದ ಕಾಣುವವರಿಗೆ ಇಲ್ಲಿ ಏಕೆ ಕಾಣದು? ಪ್ರತಿ ವರ್ಷವೂ ಈ ಉತ್ತರಕ್ಕೆ ತರಗತಿಯಲ್ಲಿ ನಗುವೇಳುತ್ತಿತ್ತು. ಈ ಉತ್ತರವನ್ನು ಕೇಳಿ ಬೌದ್ಧ ವಿದ್ವಾಂಸನೊಬ್ಬ ಏನು ಹೇಳುವನೆಂದು ತಿಳಿಯುವ ಕುತೂಹಲ ನನಗೆ ಒಮ್ಮೆಯೂ ಹುಟ್ಟಲಿಲ್ಲ. ಹುಟ್ಟಲಿಲ್ಲವೆಂಬುದು ಈಗ ನಾಚಿಕೆ ತರುತ್ತದೆ.

ಎದುರಾಳಿಯ ಮಾತನ್ನು ಕಾಯುವ ಪರಂಪರೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಟಿಬೆಟ್ಟಿನಲ್ಲಿ ಸಮ್ಯೆ ವಿಹಾರದ ಸ್ಥಾಪನೆಗೆ ಕಾರಣನಾದ ಶಾಂತರಕ್ಷಿತನ ತತ್ತ್ವಸಂಗ್ರಹವನ್ನು ನೋಡಿ. ಅದರ ಸಂಸ್ಕೃತ ಮೂಲ ಇಂದು ನಮಗೆ ದೊರೆತಿರುವುದು ಗುಜರಾತ ಮತ್ತು ರಾಜಸ್ಥಾನದ ಜೈನ ಭಂಡಾರಗಳ ಹಸ್ತಪ್ರತಿಗಳಿಂದ. ಅರ್ಚಟನ ಹೇತುಬಿಂದುಟೀಕೆಯೂ ಪಾಟಣದ ಜೈನ ಭಂಡಾರದಿಂದಲೇ ಬಂದು 1949ರಲ್ಲಿ ಅಚ್ಚಾಯಿತು. ಶಾಂತರಕ್ಷಿತನು ತನ್ನ ಗ್ರಂಥದಲ್ಲಿ ನಮ್ಮ ಪಾತ್ರಸ್ವಾಮಿಯ ಮತವನ್ನು ಎತ್ತಿಕೊಂಡು ಖಂಡಿಸುತ್ತಾನೆ. ಪಾತ್ರಸ್ವಾಮಿಯ ತ್ರಿಲಕ್ಷಣಕದರ್ಥನ ಇಂದು ಉಪಲಬ್ಧವಿಲ್ಲ. ಆ ಆಚಾರ್ಯರ ಮಾತುಗಳು ಖಂಡಿಸಿದವನ ಗ್ರಂಥದಲ್ಲಿ ಉಳಿದಿವೆ, ಆ ಗ್ರಂಥವೋ ಖಂಡಿಸಲ್ಪಟ್ಟವರ ಭಂಡಾರದಲ್ಲಿ ಉಳಿಯಿತು. ಲಿಪಿಕಾರನ ಕೂಲಿ ಕೊಟ್ಟು ಪರಮತದ ಗ್ರಂಥವನ್ನು ಬರೆಯಿಸಿದ ಆ ಶ್ರಾವಕರಿಗಿದ್ದ ತಾಳ್ಮೆ ನನಗೇಕೆ ಇರಲಿಲ್ಲ?

ಇನ್ನು ಸಿದ್ಧತೆಯ ಮಾತು. ಓದುವುದು ಸುಲಭವಾಗಿತ್ತು, ಒಂದು ತಿಂಗಳಿನಿಂದ ಪ್ರಮಾಣವಾರ್ತಿಕದ ಎರಡನೆಯ ಪರಿಚ್ಛೇದವನ್ನು ಖಂಡನೆಯ ಕನ್ನಡಕ ತೆಗೆದಿಟ್ಟು ಓದುತ್ತಿದ್ದೇನೆ. ಕಠಿಣವಾದದ್ದು ಬೇರೆ. ಟಿಬೆಟನ್ ಉಪದೇಶಗಳ ಆರಂಭದಲ್ಲಿ ಬುದ್ಧ, ಧರ್ಮ, ಸಂಘಗಳಿಗೆ ಶರಣು ಹೋಗುವ ಪಾಠವನ್ನು ಎಲ್ಲರೂ ಕೂಡಿ ಹೇಳುವರು. ಪ್ರತಿದಿನ ಅರ್ಹಂತ, ಸಿದ್ಧ, ಸಾಧು ಮತ್ತು ಕೇವಲಿಪ್ರಣೀತ ಧರ್ಮಕ್ಕೆ ಶರಣು ಹೇಳುವ ನನ್ನ ನಾಲಿಗೆ ಅಲ್ಲಿ ಏನು ಮಾಡಬೇಕು? ತತ್ತ್ವಾರ್ಥಸೂತ್ರವು ಸಮ್ಯಗ್ದೃಷ್ಟಿಗೆ ಐದು ಅತಿಚಾರಗಳನ್ನು ಹೇಳುತ್ತದೆ: ಶಂಕೆ, ಕಾಂಕ್ಷೆ, ವಿಚಿಕಿತ್ಸೆ, ಅನ್ಯದೃಷ್ಟಿಪ್ರಶಂಸೆ ಮತ್ತು ಅನ್ಯದೃಷ್ಟಿಸಂಸ್ತವ. ಕೊನೆಯ ಎರಡನ್ನು ಪೂಜ್ಯಪಾದರು ವಿಂಗಡಿಸುತ್ತಾರೆ: ಮನಸ್ಸಿನಲ್ಲಿ ಮೆಚ್ಚುವುದು ಪ್ರಶಂಸೆ, ಬಾಯಲ್ಲಿ ಹೊಗಳುವುದು ಸಂಸ್ತವ. ಇದನ್ನು ಹಳೆಯ ಕಾಲದ ಮಾತೆಂದು ಬದಿಗೆ ಸರಿಸಲಾರೆ. ವ್ರತವನ್ನು ಅನುಕೂಲಕ್ಕೆ ತಕ್ಕಂತೆ ಸಡಿಲಿಸುವವನು ಪರರ ವ್ರತವನ್ನೂ ಗೌರವಿಸಲಾರ.

ಈ ಸಂಶಯವನ್ನು ಹೊತ್ತು ಕಳೆದ ವಾರ ಕಿತ್ತೂರಿಗೆ ಹೋಗಿ ನನಗೆ ತತ್ತ್ವಾರ್ಥವನ್ನು ಪಾಠ ಹೇಳಿದ ಹಿರಿಯರನ್ನು ಕಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಸೂತ್ರಕ್ಕ ವಾರ್ತಿಕ ಬರದವರು ಯಾರಪಾ?"

"ಅಕಲಂಕದೇವರು," ಎಂದೆ.

"ಅವರು ಎಲ್ಲಿ ಕಲತಿದ್ರು?"

ಉತ್ತರ ನನಗೆ ತಿಳಿದದ್ದೇ. ಅಕಲಂಕ, ನಿಷ್ಕಲಂಕರೆಂಬ ಸೋದರರು ಬೌದ್ಧರ ವಿದ್ಯಾಲಯವನ್ನು ಸೇರಿ, ವೇಷ ಮರೆಸಿಕೊಂಡು ಅವರ ತರ್ಕವನ್ನು ಕಲಿತರೆಂದೂ, ಗುಟ್ಟು ರಟ್ಟಾಗಿ ಓಡುವಾಗ ನಿಷ್ಕಲಂಕನು ಪ್ರಾಣ ಕೊಟ್ಟು ಅಣ್ಣನನ್ನು ಉಳಿಸಿದನೆಂದೂ ನಮ್ಮ ಕಥಾಕೋಶಗಳು ಹೇಳುತ್ತವೆ. ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಅದನ್ನು ಹೇಳಿದ ಸಮಾಜಕ್ಕೆ ಒಂದು ಸಂಗತಿ ಸ್ಪಷ್ಟವಿತ್ತು: ಬೌದ್ಧರಿಂದ ಕೇಳದೆ ಅಕಲಂಕರು ಅಕಲಂಕರಾಗಲಿಲ್ಲ. ಸೂತ್ರವು ಪ್ರಶಂಸೆ, ಸಂಸ್ತವಗಳನ್ನು ದೋಷವೆಂದಿದೆ, ಶ್ರವಣವನ್ನಲ್ಲ. ನನ್ನ ಗುರುಗಳು ಇಷ್ಟನ್ನೂ ನನ್ನ ಬಾಯಿಂದಲೇ ಹೇಳಿಸಿ, ಕೊನೆಗೆ, "ಶರಣು ಹೇಳಬ್ಯಾಡ. ಅವರು ಹೇಳೂವಾಗ ಕೈ ಕಟ್ಟಿ ಕುಂಡ್ರಬ್ಯಾಡ, ಎದ್ದು ನಿಂದ್ರು," ಎಂದರು.

ಹಾಗೆಯೇ ಮಾಡಲು ನಿರ್ಧರಿಸಿದ್ದೇನೆ. ಶಿಬಿರದವರಿಗೂ ಬರೆದು ತಿಳಿಸಿದೆ: ನಾನು ಜೈನ ಶ್ರಾವಕ, ಶರಣಪಾಠವನ್ನು ಹೇಳಲಾರೆ, ಸೂರ್ಯಾಸ್ತದ ನಂತರ ಉಣ್ಣಲಾರೆ, ಕೇಳಲು ಬರಬಹುದೆ? ಕೇಳುವುದಕ್ಕಾಗಿಯೇ ಶಿಬಿರ, ಬನ್ನಿ ಎಂದು ಉತ್ತರ ಬಂತು. ಅಕಲಂಕರು ಹೆಸರನ್ನು ಮುಚ್ಚಿಟ್ಟು ಹೋಗಬೇಕಾಯಿತು. ನಾನು ಹೆಸರು, ಮತ, ಊಟದ ನಿಯಮ ಎಲ್ಲವನ್ನೂ ಬರೆದುಕೊಟ್ಟು ಹೋಗುತ್ತಿದ್ದೇನೆ.

ಅಲ್ಲಿಯ ಭಿಕ್ಷುಗಳಿಗೂ ನಾವು ಹೊಸಬರಲ್ಲ, ಆದರೆ ಪರಿಚಿತರೂ ಅಲ್ಲ. ಟಿಬೆಟನ್ ಸಿದ್ಧಾಂತಗ್ರಂಥಗಳಲ್ಲಿ ನಿರ್ಗ್ರಂಥರಿಗೆ 'ಬೆತ್ತಲೆಯವರು' ಎಂಬರ್ಥದ ಹೆಸರಿದೆ. ಜೈನರಿಲ್ಲದ ನಾಡಿನಲ್ಲಿ ಸಾವಿರ ವರ್ಷ ಅವರು ನಮ್ಮನ್ನು ಪೂರ್ವಪಕ್ಷವಾಗಿ ಓದಿ ಖಂಡಿಸಿದ್ದಾರೆ, ನಾವು ಅವರನ್ನು ಖಂಡಿಸಿದಂತೆಯೇ. ಒಂದು ಪುಟ್ಟ ಪುಸ್ತಕದಲ್ಲಿ ಮೂರು ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ಎಲ್ಲವೂ ಕ್ಷಣಿಕವಾದರೆ ವ್ರತ ತೊಟ್ಟವನಿಗೂ ಅದರ ಫಲ ಉಣ್ಣುವವನಿಗೂ ಇರುವ ಸಂಬಂಧವನ್ನು ನೀವು ಹೇಗೆ ಪಾಠ ಹೇಳುತ್ತೀರಿ? ಮೊಸರು ಮತ್ತು ಒಂಟೆಯ ವಾದಕ್ಕೆ ನಮ್ಮವರು ಕೊಟ್ಟ ಉತ್ತರ ನಿಮ್ಮ ಪಾಠದಲ್ಲಿ ಬರುತ್ತದೆಯೆ? ನಮ್ಮ ಮತವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಏನೆಂದು ಹೇಳುತ್ತೀರಿ? ಮೂರನೆಯದಕ್ಕೆ ಬರುವ ಉತ್ತರ ನನಗೆ ನೋವು ಕೊಡಬಹುದು. ಸವದತ್ತಿಯಲ್ಲಿ ಆ ತರುಣ ನನ್ನ ಮಾತನ್ನು ಒಂದು ತಾಸು ಕುಳಿತು ಕೇಳಿದ್ದನ್ನು ನೆನೆದು ನಾನೂ ಕೇಳಬೇಕು. ಕೇಳಿ ಬಂದು ಎಲ್ಲ ಮತಗಳೂ ಒಂದೇ ಎಂದು ಬರೆಯಲಾರೆ. ಅವು ಒಂದೇ ಅಲ್ಲ. ಅವರ ಮಾತನ್ನು ಅವರು ಒಪ್ಪುವಂತೆ ತರಗತಿಯಲ್ಲಿ ಹೇಳಲು ನನಗೆ ಬರಬೇಕು, ಅಷ್ಟೆ.

ಚೀಲ ಕಟ್ಟುವ ಕೆಲಸವನ್ನು ಅವ್ವ ತಾನೇ ಹಿಡಿದಿದ್ದಾಳೆ. ಎಂಬತ್ತು ದಾಟಿದ ಆಕೆಗೆ ಈ ಪ್ರಯಾಣ ಮೊದಲು ಸರಿಬರಲಿಲ್ಲ. "ಸಣ್ಣಾಂವ ಇದ್ದಾಗ ಅಕಲಂಕಸ್ವಾಮಿಗಳ ಕಥಿ ನಿನಗ ಹೇಳಿದಾಕಿ ನಾನ. ಅವರು ಹೋಗಿದ್ದು ಗೆಲ್ಲಾಕ. ನೀ ಯಾತಕ್ಕ ಹೊಂಟಿ?" ಎಂದು ಕೇಳಿದ್ದಳು.

"ಕೇಳಾಕ ಹೊಂಟೇನಿ, ಅವ್ವಾ."

ಆಕೆ ಮತ್ತೇನೂ ಹೇಳಲಿಲ್ಲ. ಇಂದು ಬೆಳಿಗ್ಗೆ ನೋಡಿದರೆ ಕಟಕ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ, ಹುರಿದ ಅವಲಕ್ಕಿಗಳ ಜೊತೆಗೆ ನೀರು ಸೋಸುವ ಬಿಳಿ ಅರಿವೆಯನ್ನೂ ತೊಳೆದು ಮಡಚಿ ಚೀಲದಲ್ಲಿ ಇಟ್ಟಿದ್ದಾಳೆ. ಅಲ್ಲಿಯ ನೀರನ್ನು ಸೋಸದೆ ಕುಡಿಯಬಾರದೆಂಬ ಆಜ್ಞೆ. ಬೌದ್ಧ ಭಿಕ್ಷುವಿನ ಎಂಟು ಪರಿಷ್ಕಾರಗಳಲ್ಲಿ, ಅಂದರೆ ಆತ ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ, ನೀರು ಸೋಸುವ ಅರಿವೆಯೂ ಒಂದು. ನೀರಿನಲ್ಲಿರುವ ಜೀವಿಗಳಿಗೆ ಹಿಂಸೆಯಾಗಬಾರದೆಂದು. ಇದನ್ನು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಅರಿವೆಯ ಮೇಲೆ ಕೈಯಿಟ್ಟು ಕುಳಿತಳು.

"ಹಂಗಾದ್ರ ಹೋಗಿ ಬಾ," ಎಂದಳು. "ಹೊತ್ತು ಮುಳುಗೂದರೊಳಗ ಉಣ್ಣು."