ಮೂರನೇ ಪೋರ್ಟು

ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್‌ನವರು 2006ರಲ್ಲೇ ಎಳ್ಳುನೀರು ಬಿಟ್ಟರು. ನಮ್ಮೂರ ಡೈರಿಯಲ್ಲಿ ಮಾತ್ರ ಅದು ಆಮೇಲೂ ಎಷ್ಟೋ ವರ್ಷ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ತಪ್ಪದೆ ಡ್ಯೂಟಿ ಮಾಡ್ತಾ ಇತ್ತು. ಹಾಲಿನ ಲೆಕ್ಕದ ಸಾಫ್ಟ್‌ವೇರ್ ಓಡೋದು ಅದರ ಮೇಲೆ ಮಾತ್ರ. ಬರೆದುಕೊಟ್ಟವರು ಎಲ್ಲಿದ್ದಾರೋ, ಯಾರಿಗೂ ಗೊತ್ತಿಲ್ಲ.

ಆ ಕಂಪ್ಯೂಟರ್‌ಗೆ ಮೂರು ಸೀರಿಯಲ್ ಕೇಬಲ್. ಒಂದು ತೂಕದ ಯಂತ್ರದಿಂದ, ಇನ್ನೊಂದು ಫ್ಯಾಟ್ ನೋಡೋ ಯಂತ್ರದಿಂದ. ಮೂರನೆಯದು ಹೊರಗೆ ಜಗಲಿ ಮೇಲೆ ನೇತುಹಾಕಿದ್ದ ಕೆಂಪು ಅಂಕಿಯ ಡಿಸ್‌ಪ್ಲೇ ಬೋರ್ಡಿಗೆ. ಮದರ್‌ಬೋರ್ಡಿನಲ್ಲಿದ್ದದ್ದು ಎರಡೇ ಪೋರ್ಟು, ಹಾಗಾಗಿ ಮೂರನೆಯದಕ್ಕೆ ಒಂದು ಐಎಸ್‌ಎ ಕಾರ್ಡ್ ಹಾಕಿದ್ದರು. ಒಂದು ಮುಂಗಾರಿನ ಸಿಡಿಲು ಆ ಹೊರಗಿನ ಕೇಬಲ್ ಹಿಡಿದೇ ಒಳಗೆ ಬಂದು ಕಾರ್ಡನ್ನು ಸುಟ್ಟುಹಾಕಿತು. ಪುಣ್ಯಕ್ಕೆ ಉಳಿದದ್ದೆಲ್ಲ ಚೆನ್ನಾಗಿತ್ತು.

ಡಿಸ್‌ಪ್ಲೇ ಇಲ್ಲದಿದ್ದರೂ ಡೈರಿ ನಡೆಯುತ್ತೆ. ತೂಕ ಬರುತ್ತೆ, ಫ್ಯಾಟ್ ಬರುತ್ತೆ, ಚೀಟಿಯೂ ಪ್ರಿಂಟ್ ಆಗುತ್ತೆ. ಆದರೆ ಚೀಟಿ ಕೈಗೆ ಸಿಗೋದು ಹಾಲು ದೊಡ್ಡ ಕ್ಯಾನಿಗೆ ಸೇರಿದ ಮೇಲೆ. 3.8 ಬರುತ್ತಿದ್ದ ಫ್ಯಾಟ್ ಇವತ್ತು 3.5 ಯಾಕಾಯ್ತು ಅಂತ ಆಗ ಕೇಳಿ ಏನು ಪ್ರಯೋಜನ? ಫ್ಯಾಟ್ ಇಳಿದರೆ ಲೀಟರಿನ ರೇಟೂ ಇಳಿಯುತ್ತೆ, ತಿಂಗಳಿಗೆ ಲೆಕ್ಕ ಹಾಕಿದರೆ ಬೂಸಾ ದುಡ್ಡಿಗೇ ಕತ್ತರಿ. ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಸೆಕ್ರೆಟರಿ ಅಣ್ಣ ಕರೆದು ಹೇಳಿದ್ದಿಷ್ಟು: “ಮುಂಚೆ ಎಲ್ರೂ ಬೋರ್ಡ್ ನೋಡೋರು ಕಣಪ್ಪ. ಎರಡ್ ತಿಂಗಳಿಂದ ನನ್ ಮಕ ನೋಡ್ತಾವ್ರೆ.”

ಯುಎಸ್‌ಬಿ ಕನ್ವರ್ಟರ್ ಹಾಕಿದ್ರೆ ಆಗೋದಲ್ವಾ ಅಂತೀರಿ. ಅಂಗಡಿಯಲ್ಲಿ ವಿಚಾರಿಸಿದ ಹೊಸ ಕನ್ವರ್ಟರುಗಳಿಗೆ 98ರ ಡ್ರೈವರ್ ಇರಲಿಲ್ಲ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಹಳೇ ಬೋರ್ಡುಗಳ ರಾಶಿಯಲ್ಲಿ ಒಂದು ಐಎಸ್‌ಎ ಸೀರಿಯಲ್ ಕಾರ್ಡ್ ಸಿಕ್ತು. ಮ್ಯಾನ್ಯುಯಲ್ ಇಲ್ಲ. ಜಂಪರ್‌ಗಳ ಪಕ್ಕದಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಬರೆದಿದ್ದೇ ಮ್ಯಾನ್ಯುಯಲ್.

ಇಲ್ಲಿ ಸ್ವಲ್ಪ ಪಾಠ. ಪ್ರತಿ ಸೀರಿಯಲ್ ಪೋರ್ಟಿಗೂ ಒಂದು ವಿಳಾಸ ಇರುತ್ತೆ, ಒಂದು ಐಆರ್‌ಕ್ಯೂ ಇರುತ್ತೆ. ವಿಳಾಸ ಅಂದರೆ ಮನೆ ನಂಬರ್. ಐಆರ್‌ಕ್ಯೂ ಅಂದರೆ ಪ್ರೊಸೆಸರ್‌ನ ಎಬ್ಬಿಸೋ ಕರೆಗಂಟೆ. ಕಾಮ್ 1ರ ವಿಳಾಸ 3ಎಫ್8, ಗಂಟೆ 4. ಕಾಮ್ 2ರ ವಿಳಾಸ 2ಎಫ್8, ಗಂಟೆ 3. ಕಾಮ್ 3ಕ್ಕೆ ಸ್ವಂತ ಮನೆ ಇದೆ, 3ಇ8. ಸ್ವಂತ ಗಂಟೆ ಇಲ್ಲ. ಮೊದಲಿಂದ ಬಂದ ಪದ್ಧತಿ ಪ್ರಕಾರ ಅದೂ ಕಾಮ್ 1ರ 4ನೇ ಗಂಟೆಯನ್ನೇ ಒತ್ತಬೇಕು. ಹೊಸ ಪಿಸಿಐ ಕಾರ್ಡುಗಳು ಒಂದೇ ಗಂಟೆಯನ್ನು ಹಂಚಿಕೊಳ್ಳಬಲ್ಲವು. ಐಎಸ್‌ಎಗೆ ಆ ಸಂಸಾರ ಗೊತ್ತಿಲ್ಲ. ಕಾರ್ಡನ್ನು ಇದ್ದ ಹಾಗೇ ಹಾಕಿ ನೋಡಿದೆ. ತೂಕದ ಯಂತ್ರ ಒಂದೇ ಇದ್ದರೆ ಸರಿ, ಡಿಸ್‌ಪ್ಲೇ ಒಂದೇ ಇದ್ದರೂ ಸರಿ. ಎರಡೂ ಒಟ್ಟಿಗೆ ಅಂದ ಕೂಡಲೇ ಒಂದು ಮೂಕ.

ಅಂದರೆ ಡಿಸ್‌ಪ್ಲೇಗೆ ಬೇರೆ ಗಂಟೆ ಹುಡುಕಬೇಕು. 6 ಫ್ಲಾಪಿಯದು, 7 ಚೀಟಿ ಪ್ರಿಂಟರಿನದು. 5 ಸಾಮಾನ್ಯವಾಗಿ ಸೌಂಡ್ ಕಾರ್ಡಿಗೆ ಹೋಗುತ್ತೆ. ಡೈರಿಯಲ್ಲಿ ಹಾಡು ಕೇಳೋರು ಯಾರು? ಜಂಪರ್ ಕಿತ್ತು 5ಕ್ಕೆ ಹಾಕಿದೆ. ಬಯೋಸ್‌ಗೆ ಹೋಗಿ 5ನ್ನು ಲೆಗಸಿ ಐಎಸ್‌ಎಗೆ ಮೀಸಲಿಟ್ಟೆ, ಇಲ್ಲದಿದ್ದರೆ ಯಾವುದಾದರೂ ಪಿಸಿಐ ಕಾರ್ಡ್ ಬಂದು ಅಲ್ಲಿ ಟವೆಲ್ ಹಾಕಿಬಿಡಬಹುದು. ಇಂಥ ಹಳೇ ಕಾರ್ಡ್ ‘ನಾನು ಬಂದಿದ್ದೀನಿ’ ಅಂತ ವಿಂಡೋಸ್‌ಗೆ ಹೇಳೋದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ‘ಆಡ್ ನ್ಯೂ ಹಾರ್ಡ್‌ವೇರ್’ನಲ್ಲಿ ಪಟ್ಟಿಯಿಂದ ನಾವೇ ಕಮ್ಯುನಿಕೇಶನ್ಸ್ ಪೋರ್ಟ್ ಆರಿಸಬೇಕು. ಆಮೇಲೆ ಡಿವೈಸ್ ಮ್ಯಾನೇಜರಿನ ರಿಸೋರ್ಸಸ್ ಪುಟದಲ್ಲಿ ‘ಆಟೋಮ್ಯಾಟಿಕ್’ ಅನ್ನೋ ಟಿಕ್ ತೆಗೆದು, 3ಇ8 ಮತ್ತು 5 ಅಂತ ಕೈಯಾರೆ ಕೊಡಬೇಕು. ಜಂಪರಿನಲ್ಲಿ ಒಂದು, ಇಲ್ಲಿ ಇನ್ನೊಂದು ಆದರೆ ಕೆಲಸ ಕೆಟ್ಟಂತೆ.

ರೀಸ್ಟಾರ್ಟ್ ಆದ ಮೇಲೆ ಡಿಸ್‌ಪ್ಲೇ ಸಿಕ್ಕಿಸೋ ಮೊದಲು ಒಂದು ಪರೀಕ್ಷೆ. ಪೋರ್ಟಿನ 2 ಮತ್ತು 3ನೇ ಪಿನ್ನಿಗೆ ತುಂಡು ತಂತಿ ಸೇರಿಸಿ, ಹೈಪರ್‌ಟರ್ಮಿನಲ್‌ನಲ್ಲಿ ಫ್ಲೋ ಕಂಟ್ರೋಲ್ ಬೇಡ ಅಂತ ಹೇಳಿ, ಅಕ್ಷರ ಒತ್ತಬೇಕು. ಕಳಿಸಿದ್ದು ತಿರುಗಿ ಬಂದರೆ ಪೋರ್ಟಿಗೆ ಜೀವ ಇದೆ. ಬಂತು. ತಂತಿ ತೆಗೆದು ಕೇಬಲ್ ಸಿಕ್ಕಿಸಿದೆ.

ನನ್ನ ಆಫೀಸಿನಲ್ಲಿ ಇದನ್ನು ಹೇಳಿದರೆ ‘ಅದನ್ನೆಲ್ಲ ಎಸೆದು ಹೊಸದು ತಗೊಳ್ಳೋಕೆ ಏನು?’ ಅಂತಾರೆ. ಹೊಸದು ಬರಬೇಕಿತ್ತು, ನಿಜ. ಬಜೆಟ್ಟು, ಮೀಟಿಂಗು, ಮಂಜೂರಾತಿ ಎಲ್ಲ ಆಗಿ ಬರೋ ತನಕ ಹಸು ಹಾಲು ಕೊಡೋದು ನಿಲ್ಲಿಸೋದಿಲ್ಲವಲ್ಲ. ಇನ್ನೂ ಒಂದು ಮಾತು. ಆ ಕಂಪ್ಯೂಟರಿನ ಮೊದಲ ಎರಡು ಪೋರ್ಟು ಡೈರಿಗೆ ಬೇಕಾದವು. ಹಾಲು ಹಾಕೋರಿಗೆ ಅಂತ ಇದ್ದದ್ದು ಮೂರನೆಯದು ಮಾತ್ರ. ಹೊಸ ಸಿಸ್ಟಮ್ ಕೊಳ್ಳುವಾಗಲೂ ಮೊದಲು ಕೇಳಬೇಕಾದ್ದು ಅದನ್ನೇ, ಅಂಕಿ ಯಾರ ಕಡೆ ಮುಖ ಮಾಡಿರುತ್ತೆ ಅಂತ.

ಸಂಜೆ ಕ್ಯೂನಲ್ಲಿ ಮೊದಲು ನಿಂತಿದ್ದ ಅಜ್ಜಿಗೆ ಓದು ಬರದು, ಅಂಕಿ ಬರುತ್ತೆ. ತಲೆ ಎತ್ತಿ ಬೋರ್ಡ್ ನೋಡಿತು. 3.9. “ಸರಿ, ಸುರ್ಕೊಳ್ಳಪ್ಪ,” ಅಂದು ಖಾಲಿ ಚೊಂಬು ಹಿಡಿದು ಹೊರಟಿತು.